ಅಧಿಕ ಮಾಸ ಯಾರ ಪಾಳಿ?

ಹೊಸದಾಗಿ ಕಂಡಕ್ಟರ್ ನೌಕರಿಗೆ ಸೇರಿದ ಹುಡುಗರು ಆಳಂದದ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ನನ್ನನ್ನು ಕಂಡರೆ ಎರಡೇ ಪ್ರಶ್ನೆ ಕೇಳುತ್ತಾರೆ. ಯಾವ ರೂಟು ಹಗುರ? ಯಾವ ಸಾಹೇಬರು ಒಳ್ಳೆಯವರು? ಹಗುರವಾದ ರೂಟು ಎಲ್ಲಿಯೂ ಇಲ್ಲ ತಮ್ಮಾ, ನಾನು ಹುಡುಕಿ ದಣಿದಿದ್ದೇನೆ. ಸಾಹೇಬರ ಸುದ್ದಿ ತೆಗೆದರೆ ನನ್ನ ಬಾಯಿ ಹೊಲಸಾಗುತ್ತದೆ, ಬೇಡ. ಮುದುಕರನ್ನು ಹೇಗೆ ಒಯ್ಯಬೇಕು ಎಂದು ಮಾತ್ರ ಈವರೆಗೆ ಒಬ್ಬನೂ ಕೇಳಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿದ ನೌಕರಿಯಲ್ಲಿ ನನ್ನನ್ನು ಹಣ್ಣು ಮಾಡಿದ್ದು ಅದೇ ಕೆಲಸ. ಆದ್ದರಿಂದ ಕೇಳದಿದ್ದರೂ ಬರೆಯುತ್ತೇನೆ.

ನನ್ನ ಹೆಸರು ಇಮಾಮಸಾಬ. ಕೊನೆಯ ಹದಿನಾಲ್ಕು ವರ್ಷ ಒಂದೇ ರೂಟಿನಲ್ಲಿದ್ದೆ. ಬೆಳಿಗ್ಗೆ ಆಳಂದ ಬಿಟ್ಟು, ಅಫಜಲಪುರ ಮುಟ್ಟಿ, ಜೇವರ್ಗಿಗೆ ಹೋಗಿ, ಅದೇ ದಾರಿಯಲ್ಲಿ ಸಂಜೆ ಮರಳುವ ಬಸ್ಸು. ಈಗ ಮೊಣಕಾಲು ಎರಡೂ ಮಾತು ಕೇಳುವುದಿಲ್ಲ. ಓಡುವ ಬಸ್ಸಿನಲ್ಲಿ ನಿಂತು ನಿಂತು ಸೊಂಟ ಒಂದು ಕಡೆ ವಾಲಿದೆ. ಮನೆಯಲ್ಲಿ ನಿಂತಾಗಲೂ ಕೈ ತಲೆಯ ಮೇಲಿನ ಸರಳು ಹುಡುಕುತ್ತದೆ.

ಮೊದಲು ಪಾಳಿ ಅಂದರೇನು ಹೇಳುತ್ತೇನೆ. ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾದಾಗ ಹೊಲ, ಎತ್ತು, ಪಾತ್ರೆ ಭಾಂಡೆ ಎಲ್ಲ ಹಂಚಿಯಾದ ಮೇಲೆ ತಂದೆ ತಾಯಿ ಉಳಿಯುತ್ತಾರೆ. ಅವರನ್ನು ಕಡಿದು ಹಂಚಲು ಬರುವುದಿಲ್ಲವಲ್ಲ, ತಿಂಗಳ ಲೆಕ್ಕದಲ್ಲಿ ಹಂಚುತ್ತಾರೆ. ಇಷ್ಟು ತಿಂಗಳು ಹಿರಿಯನ ಮನೆ, ಇಷ್ಟು ತಿಂಗಳು ಕಿರಿಯನ ಮನೆ. ಹಿಂದೆ ಎಲ್ಲರೂ ಒಂದೇ ಊರಿನಲ್ಲಿದ್ದರು. ಮುದುಕಿ ಹಾಸಿಗೆ ಸುತ್ತಿಕೊಂಡು ಓಣಿ ದಾಟಿದರೆ ಪಾಳಿ ಬದಲಾಯಿತು. ಆಮೇಲೆ ಒಬ್ಬ ಪುಣೆಗೆ ಹೋದ, ಒಬ್ಬ ಹೈದರಾಬಾದಿಗೆ ಹೋದ, ಇನ್ನೊಬ್ಬ ತಾಲೂಕಿನ ಊರಲ್ಲಿ ಅಂಗಡಿ ಇಟ್ಟ. ಓಣಿ ಉದ್ದವಾಯಿತು. ಮುದುಕರು ಬಸ್ಸು ಹತ್ತಿದರು.

ಪಾಳಿ ಬದಲಾಗುವುದು ಅಮಾವಾಸ್ಯೆಗೆ. ಅದರ ಮರುದಿನ ನನ್ನ ಬಸ್ಸಿನ ಮುಂದಿನ ಎರಡು ಸಾಲು ನೋಡಿದರೆ ಸಾಕಿತ್ತು. ಕಾಲ ಬಳಿ ಕೈಚೀಲ, ಅದರಲ್ಲಿ ಎರಡು ಜೋಡಿ ಬಟ್ಟೆ, ಗುಳಿಗೆಯ ಪೊಟ್ಟಣ, ಎಲೆ ಅಡಿಕೆಯ ಚಂಚಿ. ಕೆಳಗೆ ನಿಂತ ಮಗ ಕಿಟಕಿಯಲ್ಲಿ ಕೈ ಹಾಕಿ ನನಗೆ ಹೇಳುತ್ತಿದ್ದ, "ಸಾಬ್ರ, ಅಫಜಲಪುರದಾಗ ಇಳಸ್ರಿ. ನಮ್ಮ ತಮ್ಮ ಬರ್ತಾನ." ಅಷ್ಟೇ. ಹೀಗೆ ಒಪ್ಪಿಸಿಕೊಳ್ಳಬೇಕೆಂದು ಯಾವ ನಿಯಮದಲ್ಲೂ ಇಲ್ಲ. ಒಪ್ಪಿಸಿಕೊಳ್ಳುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಒಮ್ಮೆ ಭಾರೀ ಫಜೀತಿಯಾಯಿತು. ಒಂದೇ ದಿನ ಇಬ್ಬರು ಅಜ್ಜಂದಿರು, ಇಬ್ಬರದೂ ಬಿಳಿ ರುಮಾಲು, ಇಬ್ಬರಿಗೂ ದಪ್ಪ ಕನ್ನಡಕ. ಒಬ್ಬರು ಅಫಜಲಪುರಕ್ಕೆ, ಒಬ್ಬರು ಜೇವರ್ಗಿಗೆ. ಅಫಜಲಪುರದಲ್ಲಿ ಒಬ್ಬಾತ ಹತ್ತಿಬಂದು, "ನಮ್ಮಕ್ಕನ ಮಾವನ್ನ ಕರಕೊಂಡು ಹೋಗಾಕ ಬಂದೇನ್ರಿ" ಅಂದ. ಅವನೂ ಮಾವನ ಮುಖ ನೋಡಿದವನಲ್ಲ. ನಾನು ಟಿಕೆಟ್ ಹರಿಯುವ ಗಡಿಬಿಡಿಯಲ್ಲಿ ಹತ್ತಿರ ಕೂತಿದ್ದ ಅಜ್ಜನನ್ನು ತೋರಿಸಿದೆ. ಆತ ಎದ್ದು ಸುಮ್ಮನೆ ಹೋದ. ಜೇವರ್ಗಿಯಲ್ಲಿ ಇನ್ನೊಬ್ಬರ ಮಗ ಬಂದು ಕೂತವರ ಮುಖ ನೋಡಿ, "ಇವ್ರು ನಮ್ಮಪ್ಪ ಅಲ್ರಿ!" ಎಂದು ಕೂಗಿದ. ಮರಳಿ ಬರುವಾಗ ಆ ಮಗನನ್ನೂ ಉಳಿದ ಅಜ್ಜನನ್ನೂ ಬಸ್ಸಿನಲ್ಲಿ ಕರೆತಂದು, ಅಫಜಲಪುರದಲ್ಲಿ ನಿಲ್ಲಿಸಿ, ಆ ಮನೆ ಹುಡುಕಿಕೊಂಡು ಓಡಿದೆ. ಅಜ್ಜ ಕಟ್ಟೆಯ ಮೇಲೆ ಉಂಡು ಅಡ್ಡಾಗಿದ್ದ.

"ಅಲ್ಲೋ ಅಜ್ಜಾ, ನಾ ಬ್ಯಾರೆಯವ ಅಂತ ಹೇಳಬಾರದಿತ್ತೇನು?"

"ಬಿಸಿ ರೊಟ್ಟಿ ಕೊಟ್ರು, ಶೇಂಗಾ ಹಿಂಡಿ ಕೊಟ್ರು. ತಲಿದಿಂಬ ತಂದುಕೊಟ್ರು. ಒಂದ್ ನಿದ್ದಿ ಮಾಡಿ ಹೇಳಿದ್ರಾತು ಅಂದೆ," ಅಂದ.

ನಗು ಬಂತು. ಬಸ್ಸಿನ ಕಡೆ ನಡೆಯುವಾಗ ಆತ ನನ್ನ ಕೈ ಹಿಡಿದುಕೊಂಡಿದ್ದ, ಹಿಂದೆ ಹಿಂದೆ ತಿರುಗಿ ಆ ಮನೆ ನೋಡುತ್ತಿದ್ದ. ಆಮೇಲೆ ನಗು ಬರಲಿಲ್ಲ.

ಕೆಲವು ಸಲ ಇಳಿಸಿಕೊಳ್ಳುವವರೇ ಬರುತ್ತಿರಲಿಲ್ಲ. ಆಗ ಹತ್ತಿದ ಊರಿಗೇ ಮರಳಿ ತರಬೇಕು. ಒಬ್ಬ ಅಜ್ಜನನ್ನು ಹಾಗೆ ಟಿಕೆಟ್ ಇಲ್ಲದೆ ತರುವಾಗ ಚೆಕಿಂಗಿನವರು ಹಿಡಿದರು. ಮೆಮೊ ಬಂತು. ನಾನು ಸಿಟ್ಟಿನಲ್ಲಿ, "ಕೊಟ್ಟವರು ಕೊಟ್ಟರು, ತೆಗೆದುಕೊಳ್ಳುವವರು ಬರಲಿಲ್ಲ, ದಾರಿಯಲ್ಲಿ ಒಗೆಯಲು ಮನಸ್ಸಾಗಲಿಲ್ಲ" ಎಂದು ಬರೆದುಕೊಟ್ಟೆ. ಡಿಪೋದ ಸಾಹೇಬರು ಕರೆಸಿ ಕೇಳಿದರು, "ಇಮಾಮಸಾಬ, ಬಸ್ ನಡಸ್ತಿ ಏನು ಅನಾಥಾಶ್ರಮ ನಡಸ್ತಿ?" ಒಂದು ಇನ್‌ಕ್ರಿಮೆಂಟ್ ಹೋಯಿತು. ಅದರ ಮೇಲೆ ನಾನು ಟಿಕೆಟ್ ಹರಿದೇ ಮರಳಿ ತರುತ್ತಿದ್ದೆ, ಕೆಲವು ಸಲ ನನ್ನ ಜೇಬಿನಿಂದ. ದೊಡ್ಡ ಮನಸ್ಸೇನಲ್ಲ, ಎರಡನೆಯ ಮೆಮೊದ ಹೆದರಿಕೆ.

ನೀವು ಈಗ ಕೈಯಲ್ಲಿ ಹಿಡಿಯುವ ಟಿಕೆಟ್ ಯಂತ್ರ ನಾನು ಸೇರಿದ ಕಾಲಕ್ಕೆ ಇರಲಿಲ್ಲ. ಟ್ರೇಯಲ್ಲಿ ಬಣ್ಣಬಣ್ಣದ ಕಾಗದದ ಟಿಕೆಟ್, ಅದಕ್ಕೆ ತೂತು ಹಾಕಲು ಪಂಚು. ಯಂತ್ರ ಬಂದಿತು, ಒಳ್ಳೆಯದೇ ಆಯಿತು. ಆದರೆ ನನ್ನ ಕಣ್ಣೆದುರು ಬದಲಾದದ್ದು ಸೀಟಿನ ಮೇಲಿನ ಜನ. ನಾನು ಸೇರಿದಾಗ ಒಬ್ಬ ಮುದುಕ ಬಸ್ಸು ಹತ್ತಿದರೆ ನಾಲ್ಕು ಜನ ದುಡಿಯುವ ಗಂಡಸರು ಎದ್ದು ಜಾಗ ಬಿಡುತ್ತಿದ್ದರು. ಹೋಗುತ್ತ ಹೋಗುತ್ತ ಎದ್ದು ನಿಲ್ಲುವವರೇ ಕಡಿಮೆಯಾದರು. ಹುಡುಗರು ಕೆಟ್ಟವರಾದರು ಅಂತಲ್ಲ, ಹುಡುಗರು ಬಸ್ಸಿನಲ್ಲೇ ಇರುತ್ತಿರಲಿಲ್ಲ. ಎಲ್ಲ ಪುಣೆಯ ಕಟ್ಟಡಗಳ ಮೇಲಿದ್ದರು. ಮುದುಕ ಹತ್ತಿದರೆ ಇನ್ನೊಬ್ಬ ಮುದುಕ ಸರಿದು ಕೂಡಬೇಕು. ಕಬ್ಬಿನ ಹಂಗಾಮಿನಲ್ಲಿ ಇನ್ನೂ ವಿಚಿತ್ರ. ನಮ್ಮ ಜನ ಗಡಿ ದಾಟಿ ಆ ಕಡೆ ದುಡಿಯಲು ಹೋದರೆ, ಆ ಕಡೆಯ ಜನ ಕಬ್ಬು ಕಡಿಯಲು ನಮ್ಮ ಸೊನ್ನ ಊರಿನ ಬ್ಯಾರೇಜಿನ ನೀರು ಕುಡಿದ ಹೊಲಗಳಿಗೆ ಬರುತ್ತಿದ್ದರು. ಅವರ ಗುಡಿಸಲಿನ ಮುಂದೆಯೂ ಒಬ್ಬ ಮುದುಕಿ ಕೂಸು ಆಡಿಸುತ್ತ ಕೂತಿರುತ್ತಿದ್ದಳು. ಎಲ್ಲರೂ ಎಲ್ಲಿಗೋ ಹೋಗಿದ್ದಾರೆ, ಮುದುಕರು ಮತ್ತು ಕೂಸುಗಳು ಒಬ್ಬರನ್ನೊಬ್ಬರು ಕಾಯುತ್ತಿದ್ದಾರೆ.

ಕಡಗಂಚಿಯ ವಿಶ್ವವಿದ್ಯಾಲಯದ ಒಬ್ಬ ಹುಡುಗಿ ಒಂದು ದಿನ ಹಾಳೆ ಹಿಡಿದು ನನ್ನ ಬಸ್ಸು ಹತ್ತಿದ್ದಳು. ವಲಸೆ, ವೃದ್ಧರು, ಯಾರು ಯಾರನ್ನು ಸಾಕುತ್ತಾರೆ ಅಂತ ಏನೋ ಅಭ್ಯಾಸ. ಅರವತ್ತು ದಾಟಿದವರನ್ನು ಅವಲಂಬಿತರು ಎಂದು ಬರೆದುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೂತ ಒಬ್ಬ ಅಜ್ಜಿ, ನಮ್ಮ ಕಡೆ ಆಯಿ ಅನ್ನುತ್ತೇವೆ, ಕೇಳಿದಳು, "ಅವಲಂಬಿತ ಅಂದ್ರ ಏನವಾ?" ಹುಡುಗಿ ತಿಳಿಸಿ ಹೇಳಿದಳು, ಮತ್ತೊಬ್ಬರ ದುಡಿಮೆಯ ಮೇಲೆ ಇರುವವರು ಅಂತ. ಆಯಿಯ ತೊಡೆಯ ಮೇಲೆ ಒಂದು ಮೊಮ್ಮಗು, ಮಗ್ಗುಲಲ್ಲಿ ಇನ್ನೊಂದು. "ಇವರವ್ವ ಇವರಪ್ಪ ಪುಣೇದಾಗ ಅದಾರ. ನಾ ಇವನ್ನ ಹಿಡಕೊಂಡು ಕುಂತದಕ್ಕ ಅವರು ಅಲ್ಲಿ ದುಡ್ಯಾಕತ್ತಾರ. ಈಗ ಬರಿ, ಯಾರು ಯಾರ ಮ್ಯಾಲ ಅದಾರ?" ಹುಡುಗಿ ಪೆನ್ನು ಕಚ್ಚುತ್ತ ಕೂತಳು. ಜಾಣ ಹುಡುಗಿ, ಕೊನೆಗೆ ಏನೋ ಬರೆದುಕೊಂಡಳು.

ನಾನು ಬಹಳ ಒಳ್ಳೆಯವನೆಂದು ತಿಳಿಯಬೇಡಿ. ನನ್ನ ಅಮ್ಮ ಏಳು ವರ್ಷ ಹಾಸಿಗೆ ಹಿಡಿದಿದ್ದಳು. ನಾನೊಬ್ಬನೇ ಮಗ, ಪಾಳಿಯ ಮಾತೇ ಇಲ್ಲ. ಡ್ಯೂಟಿ ಮುಗಿಸಿ ಬಂದು ಆಕೆಯ ಮೈ ಒರೆಸುವಾಗ ಎಷ್ಟೋ ಸಲ, ಯಾ ಅಲ್ಲಾ, ಒಬ್ಬ ತಮ್ಮನನ್ನು ಕೊಟ್ಟಿದ್ದರೆ ಎರಡು ತಿಂಗಳು ಅವನ ಮನೆಗೆ ಕಳಿಸುತ್ತಿದ್ದೆನಲ್ಲ ಅಂದುಕೊಂಡಿದ್ದೇನೆ. ಹಾಗೆ ಅಂದುಕೊಂಡದ್ದು ಈಗ ನೆನೆದರೆ ಸಂಕಟವಾಗುತ್ತದೆ. ಆದರೆ ಅಂದುಕೊಂಡಿದ್ದು ಖರೆ. ಹೆಚ್ಚಿನ ಭಾರ ಹೊತ್ತದ್ದು ನನ್ನ ಹೆಂಡತಿ ರಶೀದಾ.

ಈಗ ಚಂದಮ್ಮನ ಸಂಗತಿ. ನನ್ನ ನೌಕರಿಯ ಕೊನೆಯ ವರ್ಷ. ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿಯಾದ ಹೊಸದು. ಯಂತ್ರದಿಂದ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಡಬೇಕು, ಮುದುಕಿಯರು ಅದನ್ನು ನಂಬದೆ ಸೆರಗಿನ ಗಂಟು ಬಿಚ್ಚುತ್ತಿದ್ದರು. ಆಷಾಢದ ಅಮಾವಾಸ್ಯೆಯ ಮರುದಿನ. ನರೋಣಾದ ಮಲ್ಲಣ್ಣ ಎಂಬವನು ತನ್ನ ತಾಯಿಯನ್ನು ಆಳಂದಕ್ಕೆ ಕರೆತಂದು ಮುಂದಿನ ಸೀಟಿನಲ್ಲಿ ಕೂಡಿಸಿದ. "ನನ್ನ ಪಾಳಿ ಮುಗೀತ್ರಿ. ಅಫಜಲಪುರದಾಗ ತಮ್ಮ ಶರಣಪ್ಪ ಬರ್ತಾನ," ಅಂದ. ಎಪ್ಪತ್ತೈದು ದಾಟಿದ, ಬೆನ್ನು ಬಾಗಿದ, ಕಣ್ಣು ಮಾತ್ರ ಚುರುಕಾದ ಹೆಂಗಸು. ಹೆಸರು ಕೇಳಿದರೆ ಚಂದಮ್ಮ ಅಂದಳು. ಆಧಾರ್ ಕಾರ್ಡು ತಾನೇ ತೆಗೆದು ತೋರಿಸಿದಳು.

ಅಫಜಲಪುರದಲ್ಲಿ ಯಾರೂ ಇರಲಿಲ್ಲ. ಚೀಲದಲ್ಲಿದ್ದ ಚೀಟಿಯ ನಂಬರಿಗೆ ಫೋನು ಹಚ್ಚಿದೆ. ಶರಣಪ್ಪ ಎತ್ತಿದ, ಬಹಳ ಮರ್ಯಾದೆಯಿಂದ ಮಾತಾಡಿದ.

"ನಂದು ಶ್ರಾವಣದಿಂದ ಪಾಳಿ, ಹೌದ್ರಿ. ಆದ್ರ ಇದು ಅಧಿಕ ಶ್ರಾವಣ ಅದರಿ. ನನ್ನ ಪಾಳಿ ನಿಜ ಶ್ರಾವಣಕ್ಕ. ಇನ್ನ ಒಂದ್ ತಿಂಗಳ ಅದ."

ನನಗೆ ತಲೆಬುಡ ತಿಳಿಯಲಿಲ್ಲ. ನಮ್ಮಲ್ಲೂ ಚಂದ್ರನ ಲೆಕ್ಕವೇ, ಆದರೆ ನಮ್ಮ ತಿಂಗಳಿಗೆ ಹೆಚ್ಚು ಕಡಿಮೆ ಇಲ್ಲ. ಅದಕ್ಕೇ ರಂಜಾನ್ ಒಮ್ಮೆ ಬಿಸಿಲಲ್ಲಿ, ಒಮ್ಮೆ ಚಳಿಯಲ್ಲಿ ಬರುತ್ತದೆ. ಹಿಂದೂಗಳ ಪಂಚಾಂಗ ಹಾಗೆ ಜಾರಬಾರದೆಂದು ಮೂರು ವರ್ಷಕ್ಕೊಮ್ಮೆ ಒಂದು ತಿಂಗಳನ್ನು ಎರಡು ಸಲ ಎಣಿಸುತ್ತಾರೆ, ಮೊದಲನೆಯದು ಅಧಿಕ, ಎರಡನೆಯದು ನಿಜ ಎಂದು ನಮ್ಮ ಡ್ರೈವರ್ ಸಿದ್ರಾಮ ಸ್ಟೀರಿಂಗ್ ಹಿಡಿದುಕೊಂಡೇ ನನಗೆ ತಿಳಿಸಿದ. ಬಸ್ಸಿನವರೆಲ್ಲ ಸೇರಿ ಒಬ್ಬೊಬ್ಬರು ಒಂದೊಂದು ನ್ಯಾಯ ಹೇಳಿದರು.

ಮಲ್ಲಣ್ಣನಿಗೆ ಫೋನು ಹಚ್ಚಿದೆ. "ಚೈತ್ರದಿಂದ ಆಷಾಢ ನಂದು. ಆಷಾಢ ಮುಗೀತಿಲ್ರಿ? ಶ್ರಾವಣ ಯಾವುದಾದ್ರೇನು, ಶ್ರಾವಣ ಶ್ರಾವಣನ," ಅಂದ. ಪುಣೆಯಲ್ಲಿ ಸೆಂಟ್ರಿಂಗ್ ಕೆಲಸ ಮಾಡುವ ಮೂರನೆಯ ಮಗನಿಗೂ ಹಚ್ಚಿದೆ. "ನಂದು ಮಾರ್ಗಶಿರಕ್ಕ ಅದ, ನನ್ನ ಯಾಕ ಕೇಳ್ತೀರಿ?" ಅಂದು ಇಟ್ಟ. ಅಣ್ಣತಮ್ಮಂದಿರು ಬೇರೆಯಾಗುವಾಗ ಊರ ಪಂಚರ ಮುಂದೆ ಬರೆದ ಕಾಗದದಲ್ಲಿ ಹನ್ನೆರಡು ತಿಂಗಳ ಹೆಸರಿತ್ತಂತೆ. ಹದಿಮೂರನೆಯದು ಯಾರಿಗೂ ನೆನಪಾಗಿರಲಿಲ್ಲ. ಹಿಂದಿನ ಅಧಿಕ ಮಾಸಗಳು ಯಾರದೋ ಪಾಳಿಯ ನಡುವೆ ಬಂದು ಹೋಗಿದ್ದವು, ಈ ಸಲ ಸರಿಯಾಗಿ ಎರಡು ಪಾಳಿಯ ಸಂದಿನಲ್ಲಿ ಬಂದಿತ್ತು.

ಬಸ್ಸಿಗೆ ಹೊತ್ತಾಗಿತ್ತು, ಸಿದ್ರಾಮ ಹಾರನ್ ಹೊಡೆಯುತ್ತಿದ್ದ. ನನ್ನ ಸಿಟ್ಟು ನೆತ್ತಿಗೇರಿತು. ಶರಣಪ್ಪನಿಗೆ ಮತ್ತೆ ಹಚ್ಚಿ ಇಡೀ ನಿಲ್ದಾಣಕ್ಕೆ ಕೇಳುವಂತೆ ಒದರಿದೆ, "ಯಾರಿಗೂ ಬ್ಯಾಡಾದ ಸಾಮಾನು ನನ್ನ ಬಸ್ಸಿನಾಗ ಯಾಕ ಹಾಕ್ತೀರಿ?"

ನನ್ನ ಬೆನ್ನ ಹಿಂದಿನಿಂದ ಮೆಲ್ಲಗೆ ಚಂದಮ್ಮನ ಮಾತು ಬಂತು. "ಸಾಮಾನು ಅಲ್ಲ ತಮ್ಮಾ. ಸಾಮಾನಿಗಾದ್ರ ನೀ ಲಗೇಜ್ ಟಿಕೀಟ ಹರೀತಿದ್ದಿ. ನಂದು ಬಿಟ್ಟಿ ಅದ."

ಬಸ್ಸೆಲ್ಲ ನಕ್ಕಿತು. ಚಂದಮ್ಮ ತಾನೂ ನಕ್ಕಳು. ನನಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಇಷ್ಟು ವರ್ಷದ ನೌಕರಿಯಲ್ಲಿ ನಾನು ಆಡಿದ ಅತಿ ಹೊಲಸು ಮಾತು ಅದೇ. ಮೆಮೊ ಬಂದ ತಪ್ಪುಗಳೆಲ್ಲ ಅದರ ಮುಂದೆ ಏನೂ ಅಲ್ಲ.

ಜೇವರ್ಗಿಯಲ್ಲಿ ಆಕೆಯ ಮಗಳು ಮಹಾದೇವಿ ಇದ್ದಾಳೆಂದು ಮಾತಿನಲ್ಲಿ ತಿಳಿಯಿತು. ಅಳಿಯನದು ನಿಲ್ದಾಣದ ಹತ್ತಿರವೇ ಪಂಕ್ಚರ್ ಅಂಗಡಿ. "ಅಲ್ಲೇ ಇಳಸ್ತೇನಿ ನಡಿ ಆಯಿ," ಅಂದೆ. ಚಂದಮ್ಮ ಗಟ್ಟಿಯಾಗಿ ಸೀಟಿನ ಸರಳು ಹಿಡಿದುಕೊಂಡಳು.

"ಅದೊಂದು ಮಾಡಬ್ಯಾಡ. ಇದು ಧೋಂಡ್ಯಾ ತಿಂಗಳ. ಅತ್ತಿಯಾದಾಕಿ ಅಳ್ಯಾನ ಮನೀಗಿ ಕರದು, ಹೋಳಿಗಿ ಉಣಸಿ, ಹೊಸ ಅರಬಿ ಹೊದಸಬೇಕು. ನಾ ಅವನ ಮನ್ಯಾಗ ಹೋಗಿ ಅವನ ರೊಟ್ಟಿ ತಿನ್ನಲೇನು? ಬ್ಯಾರೆ ತಿಂಗಳಾಗಿದ್ರ ನಾಚಿಕಿ ಬಿಟ್ಟು ಹೋಗ್ತಿದ್ದೆ."

ಮರಾಠಿ ಸೀಮೆಯ ಗಡಿ ಹತ್ತಿರವಿದ್ದುದರಿಂದ ನಮ್ಮ ಕಡೆಯೂ ಅಧಿಕ ಮಾಸಕ್ಕೆ ಧೋಂಡ್ಯಾ ಅನ್ನುತ್ತಾರೆ, ಅದು ಅಳಿಯನ ತಿಂಗಳು. ಇನ್ನೇನು ಮಾಡುವುದು, ಸಂಜೆ ಆಕೆಯನ್ನು ಆಳಂದಕ್ಕೇ ಮರಳಿ ತಂದೆ. ಮಲ್ಲಣ್ಣ ಫೋನು ಎತ್ತಲಿಲ್ಲ. ನರೋಣಾದ ಬಸ್ಸು ಹೋಗಿಬಿಟ್ಟಿತ್ತು. ನಮ್ಮ ಮನೆಗೆ ಕರೆದುಕೊಂಡು ಹೋದೆ. ರಶೀದಾ ಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು. ಚಂದಮ್ಮ ಹಾಲು, ಬಾಳೆಹಣ್ಣು ತೆಗೆದುಕೊಂಡಳು. "ನಿಮ್ಮ ಅಡಗಿ ನನಗ ನಡೆಂಗಿಲ್ಲ, ಸಿಟ್ಟಾಗಬ್ಯಾಡ ಬೇಟಿ," ಎಂದು ಮುಖ ನೋಡಿಯೇ ಹೇಳಿದಳು. ರಶೀದಾ, "ಸಿಟ್ಟ ಯಾಕ್ರಿ ಆಯಿ, ಹೊಟ್ಟಿ ನಿಮ್ಮದು," ಅಂದಳು.

ಮರುದಿನ ಚಂದಮ್ಮ ಮತ್ತೆ ಬಸ್ಸು ಹತ್ತಿದಳು. "ಇವತ್ತ ಅವನ ಮನಸ್ಸು ಕರಗಿರಬಹುದು," ಅಂದಳು. ಅಫಜಲಪುರದಲ್ಲಿ ಕಿಟಕಿಯಿಂದ ಕುತ್ತಿಗೆ ಹೊರಗೆ ಹಾಕಿ ನೋಡಿದಳು. ಯಾರೂ ಇಲ್ಲ. ಜೇವರ್ಗಿಯಲ್ಲಿ ಅಳಿಯನ ಅಂಗಡಿ ಕಂಡಾಗ ಸೆರಗು ಮುಖಕ್ಕೆ ಎಳೆದುಕೊಂಡಳು. ಮೂರನೆಯ ದಿನವೂ ಅದೇ. ನಾನು ಪ್ರತಿ ಸಲ ಸೊನ್ನೆಯ ಟಿಕೆಟ್ ಹರಿದುಕೊಡುವುದು, ಆಕೆ ಅದನ್ನು ಮಡಿಚಿ ಚಂಚಿಯಲ್ಲಿ ಇಡುವುದು. ಇನ್ನೂ ಇಪ್ಪತ್ತೇಳು ದಿನ ಈ ಮುದುಕಿ ಹೀಗೆ ಕೂತೇ ಇರುತ್ತಾಳೇನು ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು. ಬೈದುಕೊಂಡೆ ಕೂಡ. ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ನನಗೇ ಯಾಕೆ ಬಂತು ಈ ಪೀಡೆ ಅಂತ.

ನಾಲ್ಕನೆಯ ದಿನ ಬೆಳಿಗ್ಗೆ ನಾನು ಡ್ರೆಸ್ ಹಾಕಿಕೊಂಡು ಹೊರಬಂದರೆ ಚಂದಮ್ಮ ಅಂಗಳದ ಮೂಲೆ ನೋಡುತ್ತ ನಿಂತಿದ್ದಳು.

"ಇವತ್ತ ಬರಂಗಿಲ್ಲ ತಮ್ಮಾ. ನಾಕ್ ಪುಟ್ಟಿ ಮಣ್ಣ ಸಿಗ್ತದೇನು? ಒಲಿ ಹೂಡ್ತೇನಿ."

ಸಂಜೆ ಬಂದಾಗ ಒಲೆ ಎದ್ದಿತ್ತು. ರಶೀದಾ ಮಣ್ಣು ಹೊತ್ತಿದ್ದಳು, ಚಂದಮ್ಮ ಕಲಸಿ ಕಟ್ಟಿದ್ದಳು. ತನ್ನ ವೃದ್ಧಾಪ್ಯ ವೇತನದಲ್ಲಿ ಒಂದು ಹಂಚು, ಒಂದು ಗಡಿಗೆ, ಜೋಳದ ಹಿಟ್ಟು ತಾನೇ ತರಿಸಿದ್ದಳು. ಎರಡು ದಿನ ಬಿಸಿಲಿಗೆ ಒಣಗಿದ ಮೇಲೆ ಮೊದಲ ರೊಟ್ಟಿ ಬಡಿದಳು. ಎಷ್ಟು ವರ್ಷವಾಗಿತ್ತೋ ಏನೋ. ಸೊಸೆಯಂದಿರ ಮನೆಯಲ್ಲಿ ಆಕೆಯನ್ನು ಒಲೆಯ ಮುಂದೆ ಕೂಡಗೊಡುತ್ತಿರಲಿಲ್ಲ, ಮುದುಕಿ ಕೈ ಸುಟ್ಟುಕೊಂಡರೆ ಆಸ್ಪತ್ರೆಯ ಖರ್ಚು ಯಾರ ಪಾಳಿಗೆ ಅಂತ ಜಗಳ. ಮೊದಲ ರೊಟ್ಟಿ ಹರಿಯಿತು. ಎರಡನೆಯದು ತಟ್ಟೆಯಷ್ಟು ದುಂಡಗೆ ಬಂತು. ಆಕೆ ಅದನ್ನು ರಶೀದಾಗೆ ಕೊಟ್ಟಳು. ನಮ್ಮ ಮನೆಯ ಅಡುಗೆ ನಡೆಯದವಳ ರೊಟ್ಟಿಯನ್ನು ನಾವು ತಿಂಗಳೆಲ್ಲ ತಿಂದೆವು.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನನಗೆ ಕೆಲಸ ಹೇಳಿದಳು. ಜೇವರ್ಗಿಯಲ್ಲಿ ಅಳಿಯನಿಗೆ ಭಾನುವಾರ ಊಟಕ್ಕೆ ಬಾ ಎಂದು ಹೇಳಬೇಕು. ಹೇಳಿದೆ. ಆತ ಟ್ಯೂಬು ನೀರಿನಲ್ಲಿ ಅದ್ದಿ ಹಿಡಿದವನು ಹಾಗೇ ತಲೆಯೆತ್ತಿದ.

"ಯಾರ ಮನೀಗಿ ಬರಬೇಕ್ರಿ? ಮಲ್ಲಣ್ಣನ ಮನೀಗೋ, ಶರಣಪ್ಪನ ಮನೀಗೋ?"

"ಆಕಿ ಮನೀಗಿ," ಅಂದೆ. ನನ್ನ ಬಾಯಿಂದ ಹಾಗೇ ಬಂತು.

ಭಾನುವಾರ ನಾನೂ ರಜೆ ಹಾಕಿದ್ದೆ, ಗಂಡಹೆಂಡತಿ ಬಂದರು. ಒಳ್ಳೆಯ ಮನುಷ್ಯ, ಅಂಗಳದ ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ನಾಲ್ಕು ಹೋಳಿಗೆ ಉಂಡ, ಅತ್ತೆ ಐದನೆಯದನ್ನು ಹಾಕಿದಾಗ ಬೇಡ ಅನ್ನಲಿಲ್ಲ. ಚಂದಮ್ಮ ಅವನ ಹೆಗಲಿಗೆ ಹೊಸ ಟವೆಲ್ ಹೊದಿಸಿ ತೆಂಗಿನಕಾಯಿ ಕೈಗಿಟ್ಟಳು. ಮಗಳು ಮಹಾದೇವಿ ಅಳುತ್ತ ಕೂತಿದ್ದಳು. "ಅಳತಿ ಯಾಕ ಬೇ? ತವರುಮನೀಗಿ ಬಂದಿ, ಉಣ್ಣು," ಎಂದು ಚಂದಮ್ಮ ಗದರಿದಳು. ನಾನು ಎದ್ದು ಹೊರಗೆ ಹೋದೆ. ಕಂಡಕ್ಟರನಿಗೆ ಅಳುವುದು ಒಪ್ಪುವುದಿಲ್ಲ.

ಸುದ್ದಿ ನಿಲ್ಲುತ್ತದೇನು? ಎರಡು ದಿನಕ್ಕೆ ಮಲ್ಲಣ್ಣ, ಶರಣಪ್ಪ ಇಬ್ಬರೂ ಒಂದೇ ಮೋಟರ್ ಸೈಕಲ್ಲಿನಲ್ಲಿ ಬಂದರು. ಅವತ್ತು ನನ್ನ ವಾರದ ರಜೆ. ಮಲ್ಲಣ್ಣ ಅಂಗಳದಲ್ಲೇ ಶುರು ಮಾಡಿದ.

"ಏನ್ ಮಾಡೀರಿ ಸಾಬ್ರ ಇದು? ಮೂರು ಗಂಡಮಕ್ಕಳಿದ್ದು ಇವರವ್ವ ಮಂದಿ ಮನ್ಯಾಗ ಅಳ್ಯಾನ ಉಣಸ್ಯಾಳ ಅಂತ ಊರೆಲ್ಲ ನಗಾಕತ್ತದ. ತಲಿ ಎತ್ತಂಗ ಇಲ್ಲ ನಮಗ."

"ಮೂರು ದಿನ ಬಸ್ಸಿನಾಗ ಕುಂತಾಗ ಊರು ನಗಲಿಲ್ಲೇನು?" ಅಂದೆ.

ಶರಣಪ್ಪ ನನ್ನ ಕಡೆ ನೋಡಲಿಲ್ಲ. "ಏಳವ್ವಾ, ನಡಿ. ನನ್ನ ಮನೀಗಿ ನಡಿ," ಅಂದ.

"ನಿನ್ನ ಮನೀಗಿ ಯಾಕ? ಹಿರ್ಯಾ ನಾ ಇದ್ದೇನಿ. ನನ್ನ ಮನೀಗಿ ಬರ್ತಾಳ," ಎಂದು ಮಲ್ಲಣ್ಣ.

ಹದಿನೈದು ದಿನದ ಹಿಂದೆ ಇಬ್ಬರ ಮನೆಯಲ್ಲೂ ಜಾಗವಿಲ್ಲದ ತಾಯಿಗಾಗಿ ಇಬ್ಬರೂ ಅಂಗಿ ಹಿಡಿದುಕೊಳ್ಳುವಷ್ಟಕ್ಕೆ ಬಂದರು. ಚಂದಮ್ಮ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುತ್ತಲೇ ಇದ್ದಳು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಕೇಳಿದಳು.

"ಅಧಿಕ ಮಾಸ ಯಾರದಂತ ಬರದಾರ ಪಂಚರು ಕಾಗದದಾಗ?"

"ಯಾರದೂ ಬರದಿಲ್ಲ," ಎಂದ ಶರಣಪ್ಪ.

"ಹಂಗಾರ ಇದು ನಂದು. ನಿಮ್ಮಪ್ಪ ಸತ್ತಾಗಿಂದ ನಿಮ್ಮ ಪಾಳಿ ಮಾಡ್ಕೋತ ಬಂದೇನಿ. ಚೀಲ ಹಿಡಿ ಅಂದ್ರ ಹಿಡದೇನಿ, ಇಳಿ ಅಂದ್ರ ಇಳದೇನಿ. ಇದೊಂದ್ ತಿಂಗಳ ನನ್ನ ಪಾಳಿ. ಮುಗಿಲಿ, ಬರ್ತೇನಿ." ಆಮೇಲೆ ಹಿಂದಕ್ಕೆ ತಿರುಗಿ, "ನಿಂತೀರಿ ಯಾಕ? ಕುಂಡ್ರಿ, ಬಿಸಿ ಅದ, ತಿಂದು ಹೋಗ್ರಿ," ಅಂದಳು.

ಇಬ್ಬರೂ ಕೂತು ತಿಂದರು. ತಲೆ ತಗ್ಗಿಸಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ, ಗಬಗಬ ತಿಂದರು. ತಾಯಿಯ ಕೈಯ ರೊಟ್ಟಿ ಅವರಿಗೂ ಎಷ್ಟು ವರ್ಷವಾಗಿತ್ತೋ. ಅವರನ್ನು ಬೈಯಬೇಕೆಂದು ಬಹಳ ಮಾತು ಇಟ್ಟುಕೊಂಡಿದ್ದೆ, ಬರಲಿಲ್ಲ. ಒಬ್ಬನಿಗೆ ಮಳೆ ನಂಬಿದ ಹೊಲ, ಒಬ್ಬ ಅಂಗಡಿಯಲ್ಲಿ ಮೂಟೆ ಹೊರುವವನು. ಅವರ ಕೂದಲೂ ಬೆಳ್ಳಗಾಗಿತ್ತು. ನಾಳೆ ಅವರ ಪಾಳಿಯನ್ನು ಯಾರು ಹಂಚಿಕೊಳ್ಳುತ್ತಾರೋ.

ಉಳಿದ ದಿನಗಳು ಬೇಗ ಹೋದವು. ಚಂದಮ್ಮ ಓಣಿಯ ಹೆಂಗಸರಿಗೆ ಉಪ್ಪಿನಕಾಯಿ ಹಾಕಿಕೊಟ್ಟಳು, ರಶೀದಾಳ ಜೊತೆ ತೊಗರಿಬೇಳೆ ಆರಿಸಿದಳು, ಮಧ್ಯಾಹ್ನ ಗಾಢ ನಿದ್ದೆ ಮಾಡಿದಳು. ಅಧಿಕದ ಅಮಾವಾಸ್ಯೆ ಬಂತು. ಮರುದಿನ ಬೆಳಿಗ್ಗೆ ಯಾರೂ ಹೇಳುವ ಮೊದಲೇ ಚೀಲ ತುಂಬಿಕೊಂಡು ನಿಂತಿದ್ದಳು. ಹಂಚು, ಗಡಿಗೆ ತೊಳೆದು ಬೋರಲು ಹಾಕಿದ್ದಳು. ರಶೀದಾ ಬಾಗಿಲಿನಿಂದ ಹೊರಗೆ ಬರಲಿಲ್ಲ.

ಬಸ್ಸಿನಲ್ಲಿ ಮುಂದಿನ ಸೀಟಿನಲ್ಲೇ ಕೂತಳು. ಅರ್ಧ ದಾರಿಯಲ್ಲಿ ನನ್ನ ಅಂಗಿಯ ತುದಿ ಎಳೆದಳು.

"ತಮ್ಮಾ, ಅಧಿಕ ಮಾಸ ಮತ್ತ ಯಾವಾಗ ಬರ್ತದ?"

"ಮೂರು ವರ್ಷಕ್ಕ, ಆಯಿ."

ಬೆರಳು ಮಡಿಚಿ ಏನೋ ಎಣಿಸಿಕೊಂಡಳು. ಮುಖ ಅರಳಿತು. "ಮೂರು ವರ್ಷ ಏನ್ ದೊಡ್ಡದು, ಇರ್ತೇನಿ. ಆ ಒಲಿ ಕೆಡವಬ್ಯಾಡಂತ ನಿನ್ನ ಹೇಂತಿಗಿ ಹೇಳು."

ಹೂಂ ಅಂದೆ.

ಅಫಜಲಪುರದಲ್ಲಿ ಶರಣಪ್ಪ ನಮಗಿಂತ ಮೊದಲೇ ಬಂದು ನಿಂತಿದ್ದ. ಒಳಗೆ ಹತ್ತಿ ತಾನೇ ಚೀಲ ತೆಗೆದುಕೊಂಡ, ತಾಯಿಯ ಕೈ ಹಿಡಿದು ಇಳಿಸಿದ. ಆಮೇಲೆ ನನ್ನ ಹತ್ತಿರ ಬಂದು ಕೈ ಮುಗಿದ. ಅವನ ಮುಖದಲ್ಲಿ ಒಂದು ಸಮಾಧಾನವಿತ್ತು, ತಪ್ಪು ತಿದ್ದಿಕೊಂಡವನ ಸಮಾಧಾನ.

"ಸಾಬ್ರ, ಮುಂದ ಹಿಂಗ ಆಗಂಗಿಲ್ರಿ. ಪುಣೇದವನೂ ಬಂದಿದ್ದ, ಮೂವರೂ ಪಂಚರ ಮುಂದ ಕುಂತು ಕಾಗದ ಮಾಡೇವಿ. ಇನ್ನ ಅಧಿಕ ಮಾಸ ಬಂದ್ರ ಹತ್ತತ್ತು ದಿನ ಹಂಚಿಕೊಂಡೇವಿ. ಒಂದ್ ದಿನಾನೂ ಅವ್ವ ಹೊರಗ ಇರಂಗಿಲ್ಲ."

ಚಂದಮ್ಮ ಅವನ ಪಕ್ಕದಲ್ಲೇ ನಿಂತಿದ್ದಳು. ಕೇಳಿಸಿಕೊಂಡಳು. ಮಗ ನಡೆದ ಕಡೆ ನಡೆದಳು. ಸಿದ್ರಾಮ ಎರಡು ಸಲ ಹಾರನ್ ಹೊಡೆದ ಮೇಲೆ ನಾನು ರೈಟ್ ಅಂದೆ.

ಸಂಜೆ ಮನೆಗೆ ಬಂದಾಗ ರಶೀದಾ ಅಂಗಳದಲ್ಲಿ ಒಲೆಯ ಬೂದಿ ತೆಗೆಯುತ್ತಿದ್ದಳು. "ಕ್ಯಾ ಬೋಲೇ ಆಯಿ?" ಆಯಿ ಏನಂದರು ಎಂದು ಕೇಳಿದಳು.

"ಚೂಲಾ ತೋಡೋ ನಕ್ಕೋ ಬೋಲೇ," ಅಂದೆ. ಒಲೆ ಕೆಡವಬೇಡ ಅಂದದ್ದನ್ನಷ್ಟೇ ಹೇಳಿದೆ, ಮಕ್ಕಳು ಮಾಡಿದ ಕಾಗದದ ಮಾತು ಹೇಳಲಿಲ್ಲ. ಆಕೆ ಆಗಲೇ ಅದರ ಮೇಲೆ ಮಳೆ ಬೀಳದಂತೆ ಮುಚ್ಚಲು ಒಂದು ತಗಡು ಹುಡುಕುತ್ತಿದ್ದಳು.